ಶರಣೆಯರ ಕಾಯಕ ಮತ್ತು ಹೆಣ್ಣಿನ ಗಳಿಕೆಯ ಹಕ್ಕು

ಹನ್ನೆರಡನೆಯ ಶತಮಾನದ ಕಲ್ಯಾಣವು ಹೆಣ್ಣಿಗೆ ದುಡಿಮೆಯನ್ನು ಕಲಿಸಿತೆಂದು ಹೇಳುವುದು ಸರಿಯಲ್ಲ. ಹೆಣ್ಣು ಅದಕ್ಕೂ ಮೊದಲೇ ದುಡಿಯುತ್ತಿದ್ದಳು. ಬೀಸುವ ಕಲ್ಲು, ಕುಟ್ಟುವ ಒರಳು, ನೂಲುವ ರಾಟೆ, ಕಳೆ ಕೀಳುವ ಹೊಲ, ನೀರು ಹೊರುವ ದಾರಿ, ಇವೆಲ್ಲವೂ ಅನಾದಿಯಿಂದ ಅವಳ ಪಾಲಿಗೇ ಬಂದಿದ್ದವು. ಇಲ್ಲದೇ ಇದ್ದುದು ದುಡಿಮೆಯಲ್ಲ. ಆ ದುಡಿಮೆಗೆ ಒಂದು ಹೆಸರು, ಅದರ ಫಲದ ಮೇಲೆ ಒಂದು ಅಧಿಕಾರ, ಅದರ ಕುರಿತು ನಾಲ್ಕು ಜನರ ನಡುವೆ ಮಾತನಾಡುವ ಒಂದು ಸ್ಥಾನ. ಬಸವಾದಿ ಪ್ರಮಥರು ನೀಡಿದ್ದು ಈ ಮೂರನ್ನು. ಆದುದರಿಂದ ಶರಣಧರ್ಮದಲ್ಲಿ ಸ್ತ್ರೀಗೆ ದೊರೆತ ಸಮಾನತೆಯನ್ನು ಕೇವಲ ಇಷ್ಟಲಿಂಗದೀಕ್ಷೆಯ ಸಮಾನತೆಯೆಂದು ತಿಳಿದರೆ ಅರ್ಧವನ್ನು ಮಾತ್ರ ತಿಳಿದಂತಾಗುತ್ತದೆ. ಉಳಿದರ್ಧವು ಕಾಯಕದಲ್ಲಿದೆ, ಅಂದರೆ ಅವಳ ಕೈಯ ಗಳಿಕೆಯಲ್ಲಿದೆ.

ಇಂದು ಬಡ ದೇಶಗಳ ಅಭಿವೃದ್ಧಿಯನ್ನು ಕುರಿತು ನಡೆಯುವ ಚರ್ಚೆಗಳಲ್ಲೆಲ್ಲ ಮಹಿಳೆಯರ ಆರ್ಥಿಕ ಸಬಲೀಕರಣವೆಂಬ ಮಾತು ಮುಂದೆ ಬರುತ್ತದೆ. ಅದನ್ನು ಹೊರಗಿನಿಂದ ಬಂದ ಹೊಸ ವಿಚಾರವೆಂದು ಭಾವಿಸುವವರೂ ಉಂಟು. ಇದೆಲ್ಲ ನಮ್ಮ ಶರಣರು ಎಂದೋ ಹೇಳಿ ಮುಗಿಸಿದ್ದಾರೆಂದು ತೃಪ್ತಿಪಡುವವರೂ ಉಂಟು. ಎರಡೂ ಪೂರ್ಣ ಸತ್ಯವಲ್ಲ. ಶರಣೆಯರು ತೋರಿದ್ದೇನು, ನಡುವಿನ ಶತಮಾನಗಳಲ್ಲಿ ಕಳೆದುಹೋದದ್ದೇನು, ಕಳೆದ ನೂರು ವರ್ಷಗಳಲ್ಲಿ ಕಾನೂನಿನಿಂದಲೂ ಸಂಘಟನೆಯಿಂದಲೂ ಮರಳಿ ದೊರೆತದ್ದೇನು ಎಂಬುದನ್ನು ಕ್ರಮವಾಗಿ ನೋಡಿದಾಗ ಮಾತ್ರ ಈ ವಿಷಯ ಸ್ಪಷ್ಟವಾಗುತ್ತದೆ.

ಹೆಸರಿನೊಡನೆ ಬೆಸೆದ ಕಾಯಕ

ವಚನಗಳನ್ನು ರಚಿಸಿದ ಶರಣೆಯರ ಸಂಖ್ಯೆ ಮೂವತ್ತಕ್ಕೂ ಹೆಚ್ಚು. ಒಂದೇ ಕಾಲದಲ್ಲಿ, ಒಂದೇ ಭಾಷೆಯಲ್ಲಿ, ಇಷ್ಟು ಮಂದಿ ಸ್ತ್ರೀಯರು ಆಧ್ಯಾತ್ಮದ ಮಾತನ್ನಾಡಿದ್ದು ಜಗತ್ತಿನ ಸಾಹಿತ್ಯದಲ್ಲಿಯೇ ಅಪರೂಪ. ಇವರಲ್ಲಿ ಅರಸುಮನೆತನದ ಸಂಪರ್ಕವಿದ್ದವರು ಕೆಲವರು ಮಾತ್ರ. ಉಳಿದ ಅನೇಕರು ಕೈಕೆಲಸದಿಂದ ಬದುಕಿದವರು. ಅವರನ್ನು ಇಂದಿಗೂ ಗುರುತಿಸುವುದು ಅವರ ಕಾಯಕದಿಂದಲೇ ಎಂಬುದು ಗಮನಾರ್ಹ. ಕದಿರ ರೆಮ್ಮವ್ವೆಯ ಹೆಸರಿನಲ್ಲಿ ನೂಲುವ ಕದಿರಿದೆ. ಕೊಟ್ಟಣದ ಸೋಮಮ್ಮನ ಹೆಸರಿನಲ್ಲಿ ಧಾನ್ಯ ಕುಟ್ಟುವ ಕಾಯಕವಿದೆ. ಆಯ್ದಕ್ಕಿ ಲಕ್ಕಮ್ಮನ ಹೆಸರಿನಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯುವ ಕಾಯಕವಿದೆ. ಗೊಗ್ಗವ್ವೆ ಧೂಪದ ಕಾಯಕದವಳು. ಸತ್ಯಕ್ಕ ಶಿವಭಕ್ತರ ಅಂಗಳ ಗುಡಿಸುವ ಕಾಯಕದವಳು. ಅಮುಗೆ ರಾಯಮ್ಮ ನೇಕಾರಿಕೆಯ ಮನೆಯವಳು. ಕೇತಲದೇವಿ ಕುಂಬಾರ ಗುಂಡಯ್ಯನೊಡನೆ ಮಡಕೆಯ ಕಾಯಕದಲ್ಲಿ ತೊಡಗಿದವಳು. ಮೋಳಿಗೆ ಮಹಾದೇವಿ, ಸಂಪ್ರದಾಯವು ಹೇಳುವಂತೆ, ಕಾಶ್ಮೀರದ ರಾಣಿಯ ಪದವಿಯನ್ನು ತೊರೆದು ಬಂದು ಪತಿ ಮಾರಯ್ಯನೊಡನೆ ಕಟ್ಟಿಗೆಯ ಕಾಯಕವನ್ನು ಕೈಕೊಂಡವಳು.

ಸಮಾಜವು ಕೀಳೆಂದು ಎಣಿಸಿದ ಕೆಲಸವನ್ನು ಇವರು ಮರೆಮಾಚಲಿಲ್ಲ. ಬದಲಾಗಿ ಅದನ್ನೇ ಅನುಭಾವದ ಭಾಷೆಯಾಗಿ ಮಾಡಿಕೊಂಡರು. ರೆಮ್ಮವ್ವೆ ತನ್ನ ರಾಟೆಯ ಒಂದೊಂದು ಅಂಗದಲ್ಲಿಯೂ ಒಂದೊಂದು ತತ್ತ್ವವನ್ನು ಕಂಡಳು. ಅವಳ ಅಂಕಿತವಾದ ಕದಿರರೆಮ್ಮಿಯೊಡೆಯ ಗುಮ್ಮೇಶ್ವರ ಎಂಬುದರಲ್ಲಿ ಅವಳ ಉಪಕರಣವೂ ಅವಳ ಹೆಸರೂ ಅವಳ ದೈವವೂ ಒಟ್ಟಿಗೆ ಸೇರಿವೆ. ಸೋಮಮ್ಮನ ಪಾಲಿಗೆ ಒರಳಿನ ಹದವೇ ವ್ರತದ ಹದಕ್ಕೆ ನಿದರ್ಶನವಾಯಿತು. ಪೊರಕೆ ಹಿಡಿದ ಸತ್ಯಕ್ಕ, ದಾರಿಯಲ್ಲಿ ಬಿದ್ದ ಬೆಲೆಯುಳ್ಳ ವಸ್ತುವನ್ನು ಕೂಡ ಮುಟ್ಟುವುದಿಲ್ಲವೆಂಬ ನಿಷ್ಠೆಯನ್ನು ಸಾರಿದಳು. ಹೊರಗಿನ ದೇಹಲಕ್ಷಣದಿಂದ ಹೆಣ್ಣು ಗಂಡೆಂದು ಮನುಷ್ಯರ ಯೋಗ್ಯತೆಯನ್ನು ಅಳೆಯುವುದನ್ನು ಒಪ್ಪದೆ ಹೋದವಳೂ ಅವಳೇ. ಅಂಗಳ ಗುಡಿಸುವವಳು ಲೋಕದ ಅಳತೆಗೋಲನ್ನೇ ಪ್ರಶ್ನಿಸಿದಳೆಂಬುದು ಸಣ್ಣ ಸಂಗತಿಯಲ್ಲ.

ಇಲ್ಲಿ ಇನ್ನೊಂದನ್ನೂ ಪ್ರಾಮಾಣಿಕವಾಗಿ ನೆನೆಯಬೇಕು. ಕೆಲವು ಶರಣೆಯರು ಹಸ್ತಪ್ರತಿಗಳಲ್ಲಿ ಇಂಥವರ ಪುಣ್ಯಸ್ತ್ರೀ ಎಂದು ಪತಿಯ ಹೆಸರಿನ ಮೂಲಕವೇ ಗುರುತಿಸಲ್ಪಟ್ಟಿದ್ದಾರೆ. ಹಲವರ ವಚನಗಳು ಒಂದೋ ಎರಡೋ ಮಾತ್ರ ಉಳಿದಿವೆ. ಮಾತನಾಡಿದಷ್ಟನ್ನು ಮುಂದಿನವರು ಬರೆದಿಡಲಿಲ್ಲವೇನೋ ಎಂದು ಮನಸ್ಸು ನೋಯುತ್ತದೆ. ಸಮಾನತೆಯು ಒಮ್ಮೆ ಸಾಧಿಸಿದರೆ ತಾನಾಗಿ ನಿಲ್ಲುವ ವಸ್ತುವಲ್ಲ ಎಂಬುದಕ್ಕೆ ಇದೇ ಮೊದಲ ಸಾಕ್ಷಿ.

ಲಕ್ಕಮ್ಮನ ಲೆಕ್ಕ

ಶರಣೆಯರ ಆರ್ಥಿಕ ವಿವೇಕವನ್ನು ತಿಳಿಯಲು ಆಯ್ದಕ್ಕಿ ಲಕ್ಕಮ್ಮನ ಪ್ರಸಂಗಕ್ಕಿಂತ ಉತ್ತಮ ನಿದರ್ಶನ ಬೇರೊಂದಿಲ್ಲ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸಮೀಪದ ಅಮರೇಶ್ವರದಿಂದ ಈ ದಂಪತಿಗಳು ಕಲ್ಯಾಣಕ್ಕೆ ಬಂದವರು. ಮಾರಯ್ಯನು ಅನುಭಾವಗೋಷ್ಠಿಯಲ್ಲಿ ಮೈಮರೆತು ಕಾಯಕದ ವೇಳೆಯನ್ನು ತಪ್ಪಿಸಿಕೊಂಡಾಗ ಅವನನ್ನು ಎಚ್ಚರಿಸಿದವಳು ಲಕ್ಕಮ್ಮ. ಅವನು ನಿತ್ಯದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದು ಆಸೆಯ ಗುರುತೆಂದು ತಿಳಿಸಿ ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಹೇಳಿದವಳೂ ಅವಳೇ. ಹದಿನೈದನೆಯ ಶತಮಾನದಿಂದೀಚೆಗೆ ಸಂಪಾದಿತವಾದ ಶೂನ್ಯಸಂಪಾದನೆಗಳು ಈ ಸಂವಾದಕ್ಕೆ ಗೌರವದ ಸ್ಥಾನವನ್ನು ಕೊಟ್ಟಿವೆ.

ಈ ಪ್ರಸಂಗವನ್ನು ಸಾಮಾನ್ಯವಾಗಿ ಅಪರಿಗ್ರಹದ ಪಾಠವಾಗಿ ಮಾತ್ರ ಹೇಳಲಾಗುತ್ತದೆ. ಅದು ಸರಿಯೇ. ಆದರೆ ಅದರೊಳಗೆ ಇನ್ನೂ ಮೂರು ಸಂಗತಿಗಳಿವೆ. ಮೊದಲನೆಯದು, ಮನೆಗೆ ಬಂದ ಗಳಿಕೆಯ ಲೆಕ್ಕವನ್ನು ನೋಡುವ ಅಧಿಕಾರ ಹೆಂಡತಿಗಿತ್ತು. ಎಷ್ಟು ಬೇಕು, ಎಷ್ಟು ಬೇಡ ಎಂಬ ತೀರ್ಮಾನ ಅವಳದಾಗಿತ್ತು. ಎರಡನೆಯದು, ಪತಿಯು ಆ ತೀರ್ಮಾನವನ್ನು ಅವಮಾನವೆಂದು ತಿಳಿಯದೆ ಶಿರಸಾವಹಿಸಿದನು. ಮೂರನೆಯದು, ಆ ತೀರ್ಮಾನವು ಮನೆಯ ಒಳಗಿನ ಮಾತಾಗಿ ಉಳಿಯದೆ ಶರಣಸಮೂಹದ ಮುಂದೆ ಬಂದು ಎಲ್ಲರಿಗೂ ಪಾಠವಾಯಿತು. ದುಡಿಮೆ, ನಿರ್ಣಯ, ಸಾರ್ವಜನಿಕವಾದ ಮಾತು, ಈ ಮೂರೂ ಒಬ್ಬ ಬಡ ಹೆಣ್ಣುಮಗಳಲ್ಲಿ ಒಂದಾದವು. ಇಂದಿನ ಅರ್ಥಶಾಸ್ತ್ರಜ್ಞರು ಹೆಣ್ಣಿನ ಸಬಲತೆಯನ್ನು ಅಳೆಯುವಾಗ ಕೇಳುವ ಪ್ರಶ್ನೆಗಳೂ ಇವೇ ಆಗಿವೆ: ಅವಳು ಗಳಿಸುವಳೇ? ಗಳಿಸಿದ್ದನ್ನು ಹೇಗೆ ಬಳಸಬೇಕೆಂದು ಅವಳು ನಿರ್ಧರಿಸುವಳೇ? ಅವಳ ಮಾತಿಗೆ ಊರಿನಲ್ಲಿ ಬೆಲೆಯಿದೆಯೇ?

ಇಲ್ಲಿಯೇ ಒಂದು ಅಪಾರ್ಥವನ್ನು ತಡೆಯಬೇಕಾಗಿದೆ. ಲಕ್ಕಮ್ಮನು ಹೆಚ್ಚಿನ ಅಕ್ಕಿಯನ್ನು ತಿರಸ್ಕರಿಸಿದಳೆಂಬುದನ್ನು ಹಿಡಿದುಕೊಂಡು, ಕೂಲಿ ಹೆಣ್ಣಿಗೆ ಕಡಿಮೆ ಕೊಟ್ಟರೂ ಅವಳು ತೃಪ್ತಿಯಿಂದಿರಬೇಕೆಂದು ಹೇಳುವವರಿದ್ದಾರೆ. ಕಾಯಕವೇ ಪೂಜೆಯಾದ ಮೇಲೆ ಕೂಲಿಯ ಚಿಂತೆಯೇಕೆ ಎಂಬ ಮಾತೂ ಕೇಳಿಬರುತ್ತದೆ. ಇದು ಶರಣತತ್ತ್ವಕ್ಕೆ ಬಗೆದ ದ್ರೋಹ. ಲಕ್ಕಮ್ಮನ ವ್ರತವು ಅವಳೇ ಆಯ್ದುಕೊಂಡದ್ದು. ಯಾವ ಒಡೆಯನೂ ಅವಳ ಮೇಲೆ ಹೇರಿದ್ದಲ್ಲ. ತನ್ನ ಪಾಲಿಗೆ ಬಂದುದನ್ನು ತಾನೇ ಬಿಟ್ಟುಕೊಟ್ಟರೆ ಅದು ತ್ಯಾಗ. ಬರಬೇಕಾದುದನ್ನು ಮತ್ತೊಬ್ಬರು ತಡೆಹಿಡಿದರೆ ಅದು ಕಳವು. ಬಸವಣ್ಣನವರು ದಾಸೋಹವನ್ನು ಬೋಧಿಸಿದ್ದು ಗಳಿಸುವವರಿಗೆ. ಗಳಿಕೆಯೇ ಕೈಗೆ ಬಾರದವಳು ದಾಸೋಹವನ್ನು ಮಾಡುವುದಾದರೂ ಹೇಗೆ? ಕಾಯಕ ಮತ್ತು ದಾಸೋಹಗಳ ನಡುವೆ ಗಳಿಕೆಯ ಹಕ್ಕು ಎಂಬ ಒಂದು ಮೆಟ್ಟಿಲಿದೆ. ಅದನ್ನು ಕಿತ್ತುಹಾಕಿದರೆ ಎರಡೂ ಬಿದ್ದುಹೋಗುತ್ತವೆ.

ದುಡಿಮೆ ಉಳಿಯಿತು, ಪಾಲು ಹೋಯಿತು

ಕಲ್ಯಾಣದ ವಿಪ್ಲವದ ನಂತರ ಶರಣರು ಚದುರಿದರು. ದುಡಿಯುವ ಹೆಣ್ಣು ದುಡಿಯುತ್ತಲೇ ಉಳಿದಳು; ಆದರೆ ಅವಳ ಹೆಸರು, ಅವಳ ಮಾತು, ಅವಳ ಪಾಲು ಹಿಂದೆ ಸರಿದವು. ಹೊಲದಲ್ಲಿ ದಿನವಿಡೀ ಬಾಗಿ ನಡೆದವಳ ಹೆಸರು ಹೊಲದ ದಾಖಲೆಯಲ್ಲಿ ಇರಲಿಲ್ಲ. ಮಗಳು ಮದುವೆಯಾಗಿ ಹೋಗುವವಳೆಂಬ ಕಾರಣಕ್ಕೆ ತವರಿನ ಭೂಮಿಯಲ್ಲಿ ಪಾಲಿಲ್ಲ. ಸೊಸೆಯಾಗಿ ಬಂದವಳೆಂಬ ಕಾರಣಕ್ಕೆ ಗಂಡನ ಮನೆಯ ಭೂಮಿಯಲ್ಲಿಯೂ ಪಾಲಿಲ್ಲ. ಭೂಮಿಯಿಲ್ಲದವರಿಗೆ ಸಾಲವಿಲ್ಲ, ಸಾಲವಿಲ್ಲದವರಿಗೆ ಬೀಜವಿಲ್ಲ, ಹಸುವಿಲ್ಲ, ಮಗ್ಗವಿಲ್ಲ. ಆಸ್ತಿಯ ಪ್ರಶ್ನೆಯು ಶ್ರೀಮಂತರ ಜಗಳವೆಂದು ತಿಳಿಯುವುದು ತಪ್ಪು. ಎಕರೆ ಅರ್ಧ ಎಕರೆಯ ಮನೆಯಲ್ಲಿಯೇ ಅದರ ಪೆಟ್ಟು ಹೆಚ್ಚು.

ಈ ಸ್ಥಿತಿಯನ್ನು ಬದಲಾಯಿಸುವ ಪ್ರಯತ್ನದಲ್ಲಿ ಕನ್ನಡನಾಡಿಗೆ ಒಂದು ಗೌರವದ ಸ್ಥಾನವಿದೆ. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಕಾನೂನಿನ ಸ್ತ್ರೀಯರ ಹಕ್ಕುಗಳ ಕಾಯ್ದೆಯನ್ನು ತಂದು, ಕುಟುಂಬದ ಆಸ್ತಿ ವಿಭಾಗವಾಗುವಾಗ ತಾಯಿ, ವಿಧವೆ, ಅವಿವಾಹಿತ ಮಗಳು ಮೊದಲಾದವರಿಗೆ ಪಾಲನ್ನು ಮಾನ್ಯಮಾಡಿತು. ಬ್ರಿಟಿಷ್ ಭಾರತದಲ್ಲಿ ವಿಧವೆಯರಿಗೆ ಸೀಮಿತ ಹಕ್ಕನ್ನು ನೀಡಿದ ಕಾಯ್ದೆ ಬಂದದ್ದು ಅದಾದ ನಾಲ್ಕು ವರ್ಷಗಳ ನಂತರ, 1937ರಲ್ಲಿ. ಸ್ವಾತಂತ್ರ್ಯಾನಂತರದ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯು ಹೆಣ್ಣು ತನ್ನ ಆಸ್ತಿಗೆ ಪೂರ್ಣ ಒಡತಿಯೆಂದು ಘೋಷಿಸಿತು. ಆದರೂ ಪಿತ್ರಾರ್ಜಿತವಾದ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕು ಗಂಡುಮಕ್ಕಳಿಗೇ ಮೀಸಲಾಗಿ ಉಳಿಯಿತು.

1994ರಲ್ಲಿ ಕರ್ನಾಟಕವು ಈ ಕಾಯ್ದೆಗೆ ತಿದ್ದುಪಡಿಯನ್ನು ತಂದು, ಅಲ್ಲಿಯವರೆಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಂತೆಯೇ ಹುಟ್ಟಿನ ಹಕ್ಕನ್ನು ನೀಡಿತು. ಆಂಧ್ರಪ್ರದೇಶ, ತಮಿಳುನಾಡುಗಳು ಅದಕ್ಕೆ ಮುಂಚೆಯೇ ಈ ಹೆಜ್ಜೆಯಿಟ್ಟಿದ್ದವು. ಮಹಾರಾಷ್ಟ್ರವು ಅದೇ ವರ್ಷ ಇಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿಯು ವಿವಾಹಿತೆ ಅವಿವಾಹಿತೆ ಎಂಬ ಭೇದವಿಲ್ಲದೆ ದೇಶದ ಎಲ್ಲ ಹಿಂದೂ ಹೆಣ್ಣುಮಕ್ಕಳಿಗೂ ಈ ಹಕ್ಕನ್ನು ವಿಸ್ತರಿಸಿತು. ಈ ಕಾಯ್ದೆಯು ವೀರಶೈವ ಲಿಂಗಾಯತರಿಗೂ ಅನ್ವಯಿಸುತ್ತದೆಂದು 1956ರ ಮೂಲಪಾಠದಲ್ಲಿಯೇ ಸ್ಪಷ್ಟವಾಗಿ ಹೇಳಲಾಗಿದೆ. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಜೀವಂತವಾಗಿರಲೇಬೇಕೆಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟಿನಲ್ಲಿ ತಳ್ಳಿಹಾಕಿ, ಮಗಳ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಖಚಿತಪಡಿಸಿತು.

ಈ ಕಾನೂನಿನಿಂದ ಏನಾದರೂ ಆಯಿತೇ? ವಿಶ್ವಬ್ಯಾಂಕಿನ ಸಂಶೋಧಕರು ಕರ್ನಾಟಕ ಮತ್ತು ಮಹಾರಾಷ್ಟ್ರಗಳಲ್ಲಿ 1994ರ ತಿದ್ದುಪಡಿಯ ಪರಿಣಾಮವನ್ನು ಪರಿಶೀಲಿಸಿದಾಗ, ಹೆಣ್ಣುಮಕ್ಕಳಿಗೆ ಭೂಮಿ ದೊರೆಯುವ ಸಂಭವ ಹೆಚ್ಚಿದುದು ಕಂಡುಬಂದಿತು. ಅವರ ಮದುವೆಯ ವಯಸ್ಸು ಏರಿತ್ತು. ಓದಿನ ವರ್ಷಗಳೂ ಹೆಚ್ಚಿದ್ದವು. ಆದರೆ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ನಡುವಿನ ಅಂತರ ಪೂರ್ಣವಾಗಿ ಅಳಿದಿರಲಿಲ್ಲ. ಕಾನೂನು ಬಾಗಿಲನ್ನು ತೆರೆಯಬಲ್ಲುದು. ಒಳಗೆ ಕರೆದು ಕೂರಿಸುವುದು ಮನೆಯವರ ಕೆಲಸ. ಅನೇಕ ಮನೆಗಳಲ್ಲಿ ಇಂದಿಗೂ ಅಕ್ಕತಂಗಿಯರಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ಒಂದು ಸಹಜ ಶಾಸ್ತ್ರವೆಂಬಂತೆ ನಡೆಯುತ್ತದೆ. ತವರಿನ ಪ್ರೀತಿ ತಪ್ಪೀತೆಂಬ ಭಯದಿಂದ ಹಾಕಿದ ಸಹಿಯನ್ನು ಸ್ವಇಚ್ಛೆಯೆಂದು ಕರೆಯುವುದು ಕಷ್ಟ.

ಅಹಮದಾಬಾದಿನ ತಲೆಹೊರೆಯವರು

ಭೂಮಿಯೂ ಇಲ್ಲದೆ ಬರಿಯ ಮೈದುಡಿಮೆಯಿಂದ ಬದುಕುವ ಹೆಣ್ಣುಮಕ್ಕಳ ಕಥೆ ಬೇರೆಯೇ ಆಗಿತ್ತು. 1972ರಲ್ಲಿ ಗುಜರಾತಿನ ಅಹಮದಾಬಾದಿನಲ್ಲಿ ಇಳಾ ಭಟ್ ಅವರು ಸ್ವಯಂ ಉದ್ಯೋಗಿ ಮಹಿಳೆಯರ ಸಂಘವನ್ನು ಸ್ಥಾಪಿಸಿದರು. ಸೇವಾ ಎಂಬ ಹೆಸರಿನಿಂದ ಅದು ಪ್ರಸಿದ್ಧವಾಯಿತು. ಬಟ್ಟೆ ಮಾರುಕಟ್ಟೆಯಲ್ಲಿ ತಲೆಹೊರೆ ಹೊರುವವರು, ಕೈಗಾಡಿ ಎಳೆಯುವವರು, ತರಕಾರಿ ಮಾರುವವರು, ಬೀಡಿ ಕಟ್ಟುವವರು, ಚಿಂದಿ ಆಯುವವರು ಅದರ ಸದಸ್ಯೆಯರು. ಸಂಘವನ್ನು ನೋಂದಾಯಿಸಲು ಹೋದಾಗ ಅಧಿಕಾರಿಗಳು ಮೊದಲು ಒಪ್ಪಲಿಲ್ಲ. ಮಾಲೀಕನೇ ಇಲ್ಲದ ಮೇಲೆ ಕಾರ್ಮಿಕ ಸಂಘವೆಲ್ಲಿಯದು, ಯಾರ ವಿರುದ್ಧ ಹೋರಾಡುವಿರಿ ಎಂಬುದು ಅವರ ಪ್ರಶ್ನೆ. ಸಂಘವಿರುವುದು ಯಾರ ವಿರುದ್ಧವೂ ಅಲ್ಲ, ದುಡಿಯುವವರು ಒಂದಾಗುವುದಕ್ಕಾಗಿ ಎಂಬುದು ಸಂಘದವರ ನಿಲುವು. ಕೊನೆಗೆ ಅದೇ ವರ್ಷ ನೋಂದಣಿಯಾಯಿತು.

ಎರಡು ವರ್ಷಗಳ ನಂತರ, 1974ರಲ್ಲಿ, ಸುಮಾರು 4,000 ಹೆಣ್ಣುಮಕ್ಕಳು ತಲಾ 10 ರೂಪಾಯಿ ಷೇರು ಹಣವನ್ನು ಹಾಕಿ ತಮ್ಮದೇ ಸಹಕಾರಿ ಬ್ಯಾಂಕನ್ನು ತೆರೆದರು. ಅವರಲ್ಲಿ ಬಹುಪಾಲು ಜನರಿಗೆ ಸಹಿ ಹಾಕಲು ಬರುತ್ತಿರಲಿಲ್ಲ. ಅದಕ್ಕಾಗಿ ಖಾತೆದಾರರನ್ನು ಭಾವಚಿತ್ರದಿಂದ ಗುರುತಿಸುವ ಕ್ರಮವನ್ನು ಬ್ಯಾಂಕು ಕಂಡುಕೊಂಡಿತು. ಈ ಸಣ್ಣ ಉಪಾಯದ ಹಿಂದೆ ದೊಡ್ಡ ಅರ್ಥವಿದೆ. ಗಂಡನಾಗಲಿ ಮಗನಾಗಲಿ ಸಹಿ ಮಾಡದೆ, ಅವಳ ಮುಖವೇ ಅವಳ ಹಣಕ್ಕೆ ಸಾಕ್ಷಿಯಾಯಿತು. ರೆಮ್ಮವ್ವೆ ತನ್ನ ಹೆಸರನ್ನು ಅಂಕಿತದಲ್ಲಿ ಇರಿಸಿದಂತೆ, ಈ ತಲೆಹೊರೆಯ ಹೆಣ್ಣು ತನ್ನ ಮುಖವನ್ನು ಖಾತೆಯಲ್ಲಿ ಇರಿಸಿದಳು. 2022ರಲ್ಲಿ ಇಳಾ ಭಟ್ ಅವರು ಲಿಂಗೈಕ್ಯರಾದವರಂತೆ ಶಾಂತವಾಗಿ ಈ ಲೋಕವನ್ನು ಬಿಟ್ಟರು; ಅವರು ಕಟ್ಟಿದ ಸಂಘ ಉಳಿದಿದೆ.

ಕೂಲಿಯ ವಿಚಾರದಲ್ಲಿಯೂ ಅದೇ ದಶಕ ಮಹತ್ವದ್ದು. ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ತತ್ತ್ವವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1951ರ ಒಡಂಬಡಿಕೆಯಲ್ಲಿ ಸಾರಿತ್ತು. ಭಾರತವು ಅದನ್ನು 1958ರಲ್ಲಿ ಅಂಗೀಕರಿಸಿತು. ಭಾರತದ ಸಂವಿಧಾನದ ನಿರ್ದೇಶಕ ತತ್ತ್ವಗಳಲ್ಲಿಯೂ ಅದಿತ್ತು. ಆದರೆ ಅದು ಕಾಯ್ದೆಯಾಗಲು 1976ರವರೆಗೆ ಕಾಯಬೇಕಾಯಿತು. ಮುಂದೆ 2019ರ ವೇತನ ಸಂಹಿತೆಯಲ್ಲಿ ಆ ಆಶಯವನ್ನು ಸೇರಿಸಿಕೊಳ್ಳಲಾಯಿತು. ಕಾಯ್ದೆಗಳು ಇದ್ದರೂ ಕಳೆ ಕೀಳುವ ದಿನದಲ್ಲಿ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಮತ್ತೊಂದು ಕೂಲಿ ಎಂಬ ವಾಡಿಕೆ ಅನೇಕ ಊರುಗಳಲ್ಲಿ ಹಾಗೆಯೇ ನಡೆದುಬಂದಿದೆ. ಹೀಗೆ ಕೊಡುವವರಲ್ಲಿ ಲಿಂಗಪೂಜೆ ಮಾಡುವವರೂ ಇದ್ದಾರೆ ಎಂಬುದನ್ನು ಒಪ್ಪಿಕೊಳ್ಳಬೇಕು.

ಜೋಬ್ರಾದಿಂದ ಕರ್ನಾಟಕದ ಹಳ್ಳಿಗಳವರೆಗೆ

1976ರಲ್ಲಿ ಬಾಂಗ್ಲಾದೇಶದ ಚಿತ್ತಗಾಂಗ್ ಬಳಿಯ ಜೋಬ್ರಾ ಎಂಬ ಹಳ್ಳಿಯಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ಮುಹಮ್ಮದ್ ಯೂನುಸ್ ಅವರು 42 ಮಂದಿ ಬಡವರಿಗೆ ಒಟ್ಟು 27 ಡಾಲರ್ ಮೊತ್ತವನ್ನು ಸಾಲವಾಗಿ ಕೊಟ್ಟರು. ಬಿದಿರಿನ ಮೋಡಾ ಹೆಣೆಯುವ ಹೆಣ್ಣುಮಕ್ಕಳು ಬಿದಿರಿಗಾಗಿ ವ್ಯಾಪಾರಿಯ ಬಳಿ ಸಾಲ ಮಾಡಿ, ಹೆಣೆದುದನ್ನು ಅವನು ಹೇಳಿದ ಬೆಲೆಗೆ ಅವನಿಗೇ ಕೊಡಬೇಕಾಗಿತ್ತು. ಕೈಯ ಕೌಶಲ ಅವರದು, ಲಾಭ ಮಾತ್ರ ಮತ್ತೊಬ್ಬರದು. ಆ ಸಣ್ಣ ಸಾಲ ಈ ಕಟ್ಟನ್ನು ಬಿಡಿಸಿತು. 1983ರಲ್ಲಿ ಗ್ರಾಮೀಣ ಬ್ಯಾಂಕ್ ಪ್ರತ್ಯೇಕ ಬ್ಯಾಂಕಾಗಿ ರೂಪುಗೊಂಡಿತು; ಅದರ ಸಾಲಗಾರರಲ್ಲಿ ಬಹುದೊಡ್ಡ ಪಾಲು ಹೆಣ್ಣುಮಕ್ಕಳದು. 2006ರಲ್ಲಿ ಯೂನುಸ್ ಅವರಿಗೂ ಬ್ಯಾಂಕಿಗೂ ನೊಬೆಲ್ ಶಾಂತಿ ಪುರಸ್ಕಾರ ದೊರೆಯಿತು.

ಕನ್ನಡನಾಡಿನಲ್ಲಿ ಬೆಳೆದ ಮಾರ್ಗ ಇದಕ್ಕಿಂತ ಭಿನ್ನ. 1968ರಲ್ಲಿ ಟಿಬೆಟನ್ ನಿರಾಶ್ರಿತರ ಪುನರ್ವಸತಿಗಾಗಿ ಆರಂಭವಾದ ಮೈರಾಡ ಸಂಸ್ಥೆಯು ಮುಂದೆ ಗ್ರಾಮೀಣ ಅಭಿವೃದ್ಧಿಗೆ ತೊಡಗಿತು. 1980ರ ದಶಕದ ನಡುವಿನಲ್ಲಿ ಅದರ ಕಾರ್ಯಕ್ಷೇತ್ರದ ಕೆಲವು ದೊಡ್ಡ ಸಹಕಾರ ಸಂಘಗಳು ಮುರಿದುಬಿದ್ದಾಗ, ಒಬ್ಬರನ್ನೊಬ್ಬರು ನಂಬುವ ಜನ ಸಣ್ಣ ಸಣ್ಣ ಗುಂಪುಗಳಾಗಿ ಉಳಿದುಕೊಂಡರು. ವಾರಕ್ಕೊಮ್ಮೆ ಸೇರುವುದು, ಮೊದಲು ತಮ್ಮ ಉಳಿತಾಯವನ್ನು ಒಟ್ಟುಗೂಡಿಸುವುದು, ಯಾರಿಗೆ ಸಾಲ ಕೊಡಬೇಕೆಂದು ತಾವೇ ಕೂಡಿ ತೀರ್ಮಾನಿಸುವುದು, ಲೆಕ್ಕವನ್ನು ಎಲ್ಲರ ಮುಂದೆ ಓದುವುದು, ಇವು ಆ ಗುಂಪುಗಳ ನಿಯಮಗಳಾದವು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿಗಳ ನೆರವು ನೀಡಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಯೋಜನೆಯನ್ನು ನಬಾರ್ಡ್ ಆರಂಭಿಸಿತು. ಅಲ್ಲಿಂದ ಸ್ವಸಹಾಯ ಸಂಘವೆಂಬುದು ದೇಶದ ಹಳ್ಳಿಹಳ್ಳಿಗೂ ಹಬ್ಬಿತು. ಕರ್ನಾಟಕ ಸರ್ಕಾರವು 2000-01ರಲ್ಲಿ ಸ್ತ್ರೀಶಕ್ತಿ ಯೋಜನೆಯನ್ನು ಆರಂಭಿಸಿತು. 2011ರಲ್ಲಿ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನ ಬಂದಿತು.

ಈ ವಾರದ ಸಭೆಗಳನ್ನು ನೋಡಿದಾಗ ಅನುಭವ ಮಂಟಪದ ನೆನಪಾಗದೆ ಇರದು. ಮಂಟಪದಲ್ಲಿ ಪರತತ್ತ್ವದ ಚರ್ಚೆಯಾದರೆ ಇಲ್ಲಿ ಎಮ್ಮೆಯ ಸಾಲದ ಚರ್ಚೆ. ಎರಡನ್ನೂ ಒಂದೇ ಎನ್ನಲಾಗದು. ಆದರೆ ಹೊಸ್ತಿಲು ದಾಟಿ ಬಂದು, ವೃತ್ತವಾಗಿ ಕುಳಿತು, ಜಾತಿಯ ಮೇಲುಕೀಳನ್ನು ಸ್ವಲ್ಪವಾದರೂ ಹಿಂದಿಟ್ಟು, ತನ್ನ ಮಾತನ್ನು ತಾನೇ ಆಡುವುದನ್ನು ಹೆಣ್ಣುಮಕ್ಕಳು ಇಲ್ಲಿಯೂ ಕಲಿತರು. ಅದೇ ಕಾಲದಲ್ಲಿ ಕರ್ನಾಟಕದ 1983ರ ಪಂಚಾಯತ್ ಕಾಯ್ದೆಯು ಹೆಣ್ಣುಮಕ್ಕಳಿಗೆ ಶೇಕಡ 25 ಸ್ಥಾನಗಳನ್ನು ಮೀಸಲಿಟ್ಟಿತು. 1987ರ ಚುನಾವಣೆಯಲ್ಲಿ ಅದು ಜಾರಿಗೆ ಬಂದಿತು. ಇಡೀ ದೇಶಕ್ಕೆ ಮೂರನೆಯ ಒಂದು ಭಾಗದ ಮೀಸಲಾತಿ ಬಂದದ್ದು 1993ರಲ್ಲಿ. ಕರ್ನಾಟಕವು 2010ರಲ್ಲಿ ಅದನ್ನು ಅರ್ಧಕ್ಕೆ ಏರಿಸಿತು. ಸಂಘದಲ್ಲಿ ಲೆಕ್ಕ ಹೇಳಲು ಕಲಿತ ಹೆಣ್ಣು ಪಂಚಾಯಿತಿಯಲ್ಲಿ ಲೆಕ್ಕ ಕೇಳಲು ಹಿಂಜರಿಯುವುದಿಲ್ಲ.

ಸಾಲವೇ ಸ್ವಾತಂತ್ರ್ಯವಲ್ಲ

ಆದರೂ ಸಾಲವನ್ನೇ ಮುಕ್ತಿಮಾರ್ಗವೆಂದು ಹೊಗಳುವುದು ವಿವೇಕವಲ್ಲ. ಲಾಭದ ಕಣ್ಣಿನಿಂದ ಹಳ್ಳಿಗೆ ಬಂದ ಕೆಲವು ಸಂಸ್ಥೆಗಳು ಒಬ್ಬಳಿಗೇ ಸಾಲದ ಮೇಲೆ ಸಾಲವನ್ನು ಕೊಟ್ಟು, ವಸೂಲಿಗಾಗಿ ಮನೆಬಾಗಿಲಲ್ಲಿ ನಿಂತು ಅವಮಾನಿಸಿದ ಉದಾಹರಣೆಗಳಿವೆ. 2010ರ ಅಕ್ಟೋಬರಿನಲ್ಲಿ ಆಂಧ್ರಪ್ರದೇಶವು ಇಂತಹ ಕಿರುಸಾಲ ಸಂಸ್ಥೆಗಳನ್ನು ಹದ್ದುಬಸ್ತಿಗೆ ತರಲು ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಬಲವಂತದ ವಸೂಲಿಯನ್ನು ತಡೆಯಲು ಕರ್ನಾಟಕವು 2025ರ ಫೆಬ್ರವರಿಯಲ್ಲಿ ಅಂತಹುದೇ ಕ್ರಮವನ್ನು ಕೈಕೊಂಡಿತು. ಭಾರತವೂ ಸೇರಿ ಆರು ದೇಶಗಳಲ್ಲಿ ನಡೆದು 2015ರಲ್ಲಿ ಒಟ್ಟಿಗೆ ಪ್ರಕಟವಾದ ಅಧ್ಯಯನಗಳು, ಕಿರುಸಾಲವು ಕೆಲವರಿಗೆ ಅನುಕೂಲ ಮಾಡಿದರೂ ಬಡತನವನ್ನು ತಾನೊಂದೇ ನೀಗಿಸುವಷ್ಟು ಬದಲಾವಣೆಯನ್ನು ತರಲಿಲ್ಲವೆಂದು ತಿಳಿಸಿದವು.

ಲಕ್ಕಮ್ಮನ ಎಚ್ಚರಿಕೆ ಹೊಂದುವುದು ಇಲ್ಲಿ. ಅಗತ್ಯಕ್ಕಿಂತ ಹೆಚ್ಚು ಆಯ್ದುಕೊಂಡವರು ಯಾರು? ಮಗಳ ಶಾಲೆಗೆಂದೋ ಪತಿಯ ಚಿಕಿತ್ಸೆಗೆಂದೋ ಸಾಲ ಮಾಡಿದವಳಲ್ಲ. ಅವಳ ಅಸಹಾಯಕತೆಯನ್ನು ಕಣಜ ಮಾಡಿಕೊಂಡು ಬಡ್ಡಿಯನ್ನು ತುಂಬಿಕೊಂಡವರು. ಹೆಚ್ಚಿನ ಅಕ್ಕಿಯನ್ನು ಮರಳಿ ಸುರಿಯಬೇಕಾದವರು ಅವರು. ವಚನದ ಅಲಗನ್ನು ದುರ್ಬಲರ ಕಡೆಗೆ ತಿರುಗಿಸುವುದಲ್ಲ, ಬಲವುಳ್ಳವರ ಕಡೆಗೆ ತಿರುಗಿಸುವುದು ಶರಣರ ರೀತಿ.

ಲೆಕ್ಕಕ್ಕೆ ಬಾರದ ಕಾಯಕ

ಇನ್ನು ಉಳಿದಿರುವುದು ಯಾವ ಸಂಘಕ್ಕೂ ಯಾವ ಬ್ಯಾಂಕಿಗೂ ಕಾಣದ ದುಡಿಮೆ. ಭಾರತ ಸರ್ಕಾರದ 2024ರ ಕಾಲಬಳಕೆಯ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಣ್ಣುಮಕ್ಕಳು ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಅದಕ್ಕೆ ಕೊಡುತ್ತಾರೆ. ಅದೇ ಕೆಲಸದಲ್ಲಿ ತೊಡಗುವ ಗಂಡಸರು ಕೊಡುವುದು 88 ನಿಮಿಷ. 2019ರ ಸಮೀಕ್ಷೆಯಲ್ಲಿ ಈ ಸಂಖ್ಯೆಗಳು 299 ಮತ್ತು 97 ಆಗಿದ್ದವು. ಅಂದರೆ ಐದು ವರ್ಷಗಳಲ್ಲಿ ಇಬ್ಬರ ಹೊತ್ತೂ ಸ್ವಲ್ಪ ಇಳಿದಿದೆ; ಅಂತರ ಮಾತ್ರ ಹಾಗೆಯೇ ನಿಂತಿದೆ. ಹೀಗೆ ದಿನದ ಸುಮಾರು ಐದು ಗಂಟೆ ಒಲೆಗೂ ಬಾವಿಗೂ ಸಂದುಹೋದ ಮೇಲೆ ಅವಳಿಗೆ ಕಲಿಯಲು, ಗಳಿಸಲು, ಅನುಭಾವದ ಮಾತು ಕೇಳಲು ಉಳಿಯುವ ಹೊತ್ತೆಷ್ಟು? ಹೊರಗಿನ ಅವಕಾಶಗಳನ್ನು ಎಷ್ಟು ಹೆಚ್ಚಿಸಿದರೂ ಮನೆಯೊಳಗಿನ ಭಾರವನ್ನು ಹಂಚಿಕೊಳ್ಳದಿದ್ದರೆ ಹೆಣ್ಣಿಗೆ ದೊರೆಯುವುದು ಸ್ವಾತಂತ್ರ್ಯವಲ್ಲ, ಎರಡನೆಯ ಪಾಳಿ.

ಅಂಗಳ ಗುಡಿಸುವುದನ್ನೂ ಧಾನ್ಯ ಕುಟ್ಟುವುದನ್ನೂ ಶರಣರು ಕಾಯಕವೆಂದು ಕರೆದರು. ಹೆಣ್ಣಿನ ಸಹಜ ಗುಣವೆಂದು ಕರೆಯಲಿಲ್ಲ. ಈ ಭೇದ ಸೂಕ್ಷ್ಮವಾದರೂ ಮುಖ್ಯವಾದುದು. ಸಹಜ ಗುಣವಾದರೆ ಅದಕ್ಕೆ ಲೆಕ್ಕವಿಲ್ಲ, ಕೃತಜ್ಞತೆಯಿಲ್ಲ, ಹಂಚಿಕೆಯಿಲ್ಲ. ಕಾಯಕವಾದರೆ ಅದನ್ನು ಯಾರೂ ಮಾಡಬಹುದು, ಎಲ್ಲರೂ ಗೌರವಿಸಬೇಕು. ದಾಸೋಹದ ಮನೆಯಲ್ಲಿ ಪಾತ್ರೆ ತೊಳೆಯಲು ಹಿಂಜರಿಯದ ಗಂಡು ಭಕ್ತನು ತನ್ನ ಮನೆಯಲ್ಲಿ ಅದೇ ಕೆಲಸಕ್ಕೆ ನಾಚುವುದಾದರೆ, ಅವನ ಕಾಯಕನಿಷ್ಠೆ ಮಠದ ಹೊಸ್ತಿಲಲ್ಲಿಯೇ ಉಳಿದುಹೋಯಿತೆಂದು ತಿಳಿಯಬೇಕು.

ಶರಣೆಯರ ಸ್ಮರಣೆಗೆ ನಾಡು ತಕ್ಕ ಗೌರವವನ್ನು ಸಲ್ಲಿಸಿದೆ. ವಿಜಯಪುರದಲ್ಲಿ 2003ರಲ್ಲಿ ಸ್ಥಾಪಿತವಾದ ರಾಜ್ಯ ಮಹಿಳಾ ವಿಶ್ವವಿದ್ಯಾಲಯವು 2017ರಲ್ಲಿ ಅಕ್ಕಮಹಾದೇವಿಯ ಹೆಸರನ್ನು ಪಡೆಯಿತು. ಅವರ ಜಯಂತಿಗಳು ನಡೆಯುತ್ತವೆ, ಭಾವಚಿತ್ರಗಳಿಗೆ ಪೂಜೆ ಸಲ್ಲುತ್ತದೆ. ಆದರೆ ಶರಣೆಯರಿಗೆ ಸಲ್ಲಬೇಕಾದ ನಿಜವಾದ ಪೂಜೆ ಮೂರು ಕಡೆ ನಡೆಯಬೇಕು. ಹೊಲದ ಪಹಣಿಯಲ್ಲಿ ಹೆಂಡತಿಯ, ಮಗಳ ಹೆಸರು ಸೇರುವಲ್ಲಿ ಅದು ನಡೆಯಬೇಕು. ಸಂಜೆ ಕೂಲಿ ಹಂಚುವಾಗ ಹೆಣ್ಣಾಳಿನ ಕೈಗೆ ಗಂಡಾಳಿನಷ್ಟೇ ಹಣ ಬೀಳುವಲ್ಲಿ ಅದು ನಡೆಯಬೇಕು. ಮನೆಯ ಖರ್ಚುವೆಚ್ಚದ ಮಾತು ಬಂದಾಗ ಲಕ್ಕಮ್ಮನ ಮಾತಿಗೆ ಮಾರಯ್ಯ ಕಿವಿಗೊಟ್ಟಂತೆ ಗಂಡನು ಕಿವಿಗೊಡುವಲ್ಲಿ ಅದು ನಡೆಯಬೇಕು.

ಈ ಮೂರಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಕಾಗಿಲ್ಲ, ಯಾವ ಹೊಸ ಕಾಯ್ದೆಯೂ ಬರಬೇಕಾಗಿಲ್ಲ. ಒಂದು ಮನೆಯವರು ಮನಸ್ಸು ಮಾಡಿದರೆ ಈ ಹಂಗಾಮಿನಲ್ಲಿಯೇ ಆಗುವ ಕೆಲಸವದು. ಕಾಯಕದಲ್ಲಿ ಭೇದವೆಣಿಸದ ಧರ್ಮದಲ್ಲಿ ಹುಟ್ಟಿದವರು ಕಾಯಕದ ಫಲದಲ್ಲಿ ಭೇದವೆಣಿಸಬಾರದು. ಗುರು ಬಸವಣ್ಣನವರ ಕೃಪೆಯೂ ಸಕಲ ಶರಣೆಯರ ಆಶೀರ್ವಾದವೂ ಸದ್ಭಕ್ತರೆಲ್ಲರಿಗೆ ಆ ಸದ್ಬುದ್ಧಿಯನ್ನು ಕರುಣಿಸಲಿ.